ಬೆನ್ನು ಚುಚ್ಚುವ ಮೊದಲು ಬೆರಳು

ದಾವಣಗೆರೆಯಲ್ಲಿ ಮೆಡಿಸಿನ್ ಪಿಜಿ ಮಾಡುತ್ತಿದ್ದಾಗಿನ ಮಾತು. ಜಗಳೂರು ಕಡೆಯ ರೈತರೊಬ್ಬರು ಅಡ್ಮಿಟ್ ಆಗಿದ್ದರು. ಎರಡು ವಾರದಿಂದ ಜ್ವರ, ತಲೆನೋವು. ಮಧ್ಯೆ ಮಧ್ಯೆ ಏನೇನೋ ಬಡಬಡಿಸುತ್ತಿದ್ದರು. ಶುಗರ್ ಕಾಯಿಲೆ ಬೇರೆ. ತಲೆ ಸ್ಕ್ಯಾನ್ ಆಯಿತು, ಬೆನ್ನಿನ ನೀರು, ಅಂದರೆ ಮಿದುಳು-ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆಯಬೇಕು ಅಂದೆ.

"ಕಾಲು ಬಿದ್ದು ಹೋಗಲ್ವಾ ಸಾರ್?" ಅಂದರು ಅವರ ಹೆಂಡತಿ. ಈ ಪ್ರಶ್ನೆ ಕೇಳದ ಮನೆಯವರನ್ನು ನಾನಿನ್ನೂ ನೋಡಿಲ್ಲ. ಬೆನ್ನುಹುರಿ ಮೇಲೆಯೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ ಅಂತ ನನ್ನ ಸೊಂಟ ಮುಟ್ಟಿಯೇ ತೋರಿಸಿದೆ. ಒಪ್ಪಿದರು.

ರಿಪೋರ್ಟ್ ಬಂತು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಜಾಸ್ತಿ, ಪ್ರೋಟೀನ್ ಜಾಸ್ತಿ, ಶುಗರ್ 72. ಪಕ್ಕದಲ್ಲೇ ಅಚ್ಚಾಗಿದ್ದ ನಾರ್ಮಲ್ ಮಿತಿಯೊಳಗೇ ಇತ್ತು. ಮಿದುಳಿನ ಪೊರೆಗೆ ಟಿಬಿ ತಗುಲಿದ್ದರೆ ಈ ನೀರಿನ ಶುಗರ್ ಇಳಿಯಬೇಕಿತ್ತಲ್ಲ, ವೈರಲ್ ಇರಬೇಕು ಅಂದುಕೊಂಡೆ. ರೌಂಡ್ಸ್‌ನಲ್ಲಿ ನಮ್ಮ ಸರ್ ಕೇಳಿದ್ದು ಒಂದೇ ಮಾತು: "ಆಗ ರಕ್ತದ ಶುಗರ್ ಎಷ್ಟಿತ್ತಪ್ಪಾ?" ನಾನು ರಕ್ತ ಕಳಿಸಿಯೇ ಇರಲಿಲ್ಲ. ಪುಣ್ಯಕ್ಕೆ ಸಿಸ್ಟರ್ ಬೆರಳು ಚುಚ್ಚಿ ನೋಡಿ ಬರೆದಿಟ್ಟ ಶುಗರ್ ಚಾರ್ಟ್ ಇತ್ತು. ನೀರು ತೆಗೆಯುವ ಎರಡು ಗಂಟೆ ಮುಂಚೆ 330!

ಓದಿದ್ದೆಲ್ಲ ಆಗ ತಲೆಗೆ ಹತ್ತಿತು. ಮಿದುಳಿನ ಒಳಗಿನ ಟೊಳ್ಳುಗಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಅಂತ ರಕ್ತನಾಳಗಳ ಗೊಂಚಲಿದೆ. ಬೆನ್ನಿನ ನೀರು ಹೆಚ್ಚಾಗಿ ಹುಟ್ಟುವುದೇ ಅಲ್ಲಿ, ದಿನಕ್ಕೆ ಸುಮಾರು 500 ಮಿಲಿ. ಒಂದು ಹೊತ್ತಿನಲ್ಲಿ ಇರುವುದು ಮಾತ್ರ 150 ಮಿಲಿ, ಉಳಿದದ್ದು ಮತ್ತೆ ರಕ್ತಕ್ಕೇ ಸೇರುತ್ತದೆ. ಆ ಗೊಂಚಲಿನ ಹೊರಪದರದ ಜೀವಕೋಶಗಳು ಒತ್ತಾಗಿ ಹೊಲಿದ ಹಾಗೆ ಅಂಟಿಕೊಂಡಿವೆ. ಸಂದಿಯಲ್ಲಿ ಸುಮ್ನೆ ನುಸುಳಲು ಆಗುವುದಿಲ್ಲ. ಆಲ್ಬುಮಿನ್‌ನಂಥ ದೊಡ್ಡ ಕಣ ರಕ್ತದಲ್ಲಿರುವುದರ 200ನೇ ಒಂದು ಪಾಲು ಮಾತ್ರ ಒಳಗೆ ಸಿಗುತ್ತದೆ. ಸೋಂಕು ಬಂದಾಗ ಈ ಹೊಲಿಗೆ ಸಡಿಲವಾಗುತ್ತದೆ, ಪ್ರೋಟೀನ್ ಏರುವುದು ಅದಕ್ಕೇ.

ಶುಗರ್ ದಾಟಲು ಗ್ಲುಟ್-1 ಎಂಬ ವಾಹಕ ಬೇಕು. ಸಾಮಾನ್ಯವಾಗಿ ರಕ್ತದಲ್ಲಿರುವುದರ ಮೂರರಲ್ಲಿ ಎರಡು ಪಾಲು ಬೆನ್ನಿನ ನೀರಿನಲ್ಲಿರುತ್ತದೆ. ರಕ್ತದಲ್ಲಿ ತೀರಾ ಏರಿದರೆ ವಾಹಕಗಳೂ ಸಾಲುವುದಿಲ್ಲ, ಪಾಲು ಸ್ವಲ್ಪ ತಗ್ಗುತ್ತದೆ. ಆದರೂ 330ಕ್ಕೆ 72 ಅಂದರೆ ಕಾಲು ಭಾಗವೂ ಇಲ್ಲ, ನೀರಿನ ಶುಗರ್ ನಿಜಕ್ಕೂ ಇಳಿದಿತ್ತು. ಇನ್ನೊಂದು, ರಕ್ತದಲ್ಲಿ ಆದ ಏರಿಳಿತ ನೀರಿನಲ್ಲಿ ಕಾಣಲು ಒಂದೆರಡು ಗಂಟೆಯಾದರೂ ಬೇಕು. ಹಾಗಾಗಿ ಗ್ಲೂಕೋಸ್ ಡ್ರಿಪ್ ಹಾಕಿದ ತಕ್ಷಣ ರಕ್ತ ತೆಗೆದರೆ ಲೆಕ್ಕ ತಪ್ಪುತ್ತದೆ.

ಟಿಬಿ ಮಾತ್ರೆ ಶುರು ಮಾಡಿದೆವು. ಆಮೇಲೆ ಬಂದ, ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ವರದಿಯೂ ಟಿಬಿ ಅಂತಲೇ ಹೇಳಿತು. ಔಷಧಿಗಳೂ ಇಂಥದೇ ತಡೆ ದಾಟಿ ಒಳಹೋಗಬೇಕು. ಐಸೋನಿಯಾಜಿಡ್, ಪೈರಜಿನಮೈಡ್ ಸಲೀಸಾಗಿ ದಾಟುತ್ತವೆ, ರಿಫಾಂಪಿಸಿನ್ ಸ್ವಲ್ಪವೇ. ಸ್ಟ್ರೆಪ್ಟೋಮೈಸಿನ್ ಉರಿಯೂತ ಇದ್ದಾಗ ಒಂದಿಷ್ಟು ಒಳಹೋಗುತ್ತದೆ. ರೋಗಿ ಸುಧಾರಿಸಿದಂತೆ ಅದಕ್ಕೆ ಬಾಗಿಲು ಮುಚ್ಚುತ್ತದೆ, ವಿಚಿತ್ರ ಅಲ್ವಾ?

ಮೂರು ವಾರದ ನಂತರ ಮತ್ತೆ ನೀರು ತೆಗೆದೆ. ಗ್ಲೌಸ್ ಹಾಕುವ ಮುಂಚೆಯೇ ರಕ್ತ ತೆಗೆದಿಟ್ಟಿದ್ದೆ: 140. ನೀರಿನಲ್ಲಿ 64. ರಿಪೋರ್ಟ್‌ನಲ್ಲಿ ಅಂಕಿ ಮೊದಲಿಗಿಂತ ಕಡಿಮೆಯಾಗಿದೆ ಅಂತ ಅವರ ಹೆಂಡತಿ ಗಾಬರಿಯಾದರು. ರಕ್ತದ್ದು, ನೀರಿನದ್ದು ಎರಡೂ ಅಂಕಿ ಪಕ್ಕಪಕ್ಕ ಬರೆದು, ಕಾಲು ಭಾಗವೂ ಇರದಿದ್ದದ್ದು ಈಗ ಅರ್ಧದ ಹತ್ತಿರ ಬಂದಿದೆ ಅಂತ ತೋರಿಸಿದೆ. ಅಷ್ಟರಲ್ಲಿ ಯಜಮಾನರು ಎದ್ದು ಕೂತು ಮಂಡಕ್ಕಿ ಕೇಳುತ್ತಿದ್ದರು.