ದುರಸ್ತಿಯಾದ ಗ್ಯಾಸ್ ಗ್ರಿಲ್: ಮಾರುವುದೋ, ಉಳಿಸಿಕೊಳ್ಳುವುದೋ?

ಗಲ್ಫ್‌ನಿಂದ ಮರಳಿದ ನಮ್ಮಣ್ಣ ಮಲ್ಪೆಯ ಮನೆಯಲ್ಲಿ ಬಿಟ್ಟುಹೋಗಿದ್ದ ಗ್ಯಾಸ್ ಗ್ರಿಲ್ ಈಗ ಸಮನಾದ ನೀಲಿ ಜ್ವಾಲೆಯಲ್ಲಿ ಉರಿಯುತ್ತಿರುವುದರಿಂದಲೇ ಅದನ್ನು ಮಾರಬಹುದೇ ಎಂಬ ಪ್ರಶ್ನೆ ಎದ್ದಿತು.

ಕಡಲಿನ ಉಪ್ಪುಗಾಳಿಗೆ ತಳದ ತಗಡು ತುಕ್ಕು ಹಿಡಿದಿತ್ತಾದರೂ ನಿಜವಾದ ತೊಂದರೆ ಇದ್ದುದು ಬರ್ನರ್ ಕೊಳವೆಯೊಳಗೆ. ಗಾಳಿಯೂ ಅನಿಲವೂ ಬೆರೆಯುವ ಬಾಯಿಯಲ್ಲಿ ಜೇಡರ ಬಲೆ ಕಟ್ಟಿಕೊಂಡಿದ್ದುದರಿಂದ ಜ್ವಾಲೆ ಹಳದಿಯಾಗಿ ಮಸಿ ಕಾರುತ್ತಿತ್ತು. ಕೊಳವೆಯನ್ನು ಕಳಚಿ ಉದ್ದನೆಯ ಬ್ರಷ್ ತೂರಿಸಿ ಉಜ್ಜಿದಾಗ ಬೂದುಬಣ್ಣದ ನೂಲಿನುಂಡೆಯಂಥ ಕಸ ಹೊರಬಂತು. ರಬ್ಬರ್ ಪೈಪನ್ನೂ ಬದಲಿಸಿದೆ. ನಮ್ಮ ಗೃಹಬಳಕೆಯ ರೆಗ್ಯುಲೇಟರ್ ಕೊಡುವ 30 ಮಿಲಿಬಾರ್ ಒತ್ತಡವೇ ಗ್ರಿಲ್‌ನ ಮೇಲೂ ನಮೂದಾಗಿದೆ ಎಂದು ಖಚಿತಪಡಿಸಿಕೊಂಡು, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಎಲ್ಲಿಯೂ ಗುಳ್ಳೆ ಏಳದಿರುವುದನ್ನು ನೋಡಿದ ಬಳಿಕವೇ ಹೊತ್ತಿಸಿದೆ.

ಕೊಳ್ಳಲು ಬಂದವರು ಅದನ್ನು ಮಂಗಳೂರಿನ ಫ್ಲ್ಯಾಟ್‌ನ ಕೊಳವೆ ಅನಿಲಕ್ಕೆ ಜೋಡಿಸುವ ಇಚ್ಛೆ ತಿಳಿಸಿದರು. ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ; ಅದಕ್ಕೆ ಸಿಲಿಂಡರ್ ಅನಿಲಕ್ಕಿಂತ ಹೆಚ್ಚು ದೊಡ್ಡ ರಂಧ್ರದ ಜೆಟ್‌ಗಳು, ಅಂದರೆ ಅನಿಲ ಚಿಮ್ಮುವ ಮೂತಿಗಳು, ಬೇಕು. ಈ ಹಳೆಯ ಮಾದರಿಗೆ ಅವು ನನಗೆ ಸಿಗಲಿಲ್ಲ. ಅಲ್ಲದೆ, ವಾಲ್ವ್‌ಗಳು ಹಳೆಯವೇ ಆಗಿರುವುದರಿಂದ ಅವುಗಳ ಮೇಲೆ ಕಣ್ಣಿಡುವ ಹೊಣೆ ನನ್ನದೇ ಆಗಿರಬೇಕೇ ಹೊರತು, ಒಳಗಿನ ಸ್ಥಿತಿ ತಿಳಿಯದ ಇನ್ನೊಂದು ಮನೆಗೆ ಅದನ್ನು ದಾಟಿಸುವುದು ನನಗೆ ಸರಿಕಾಣಲಿಲ್ಲ. ಹಣವೇನೋ ಬರುತ್ತಿತ್ತು.

ಹೀಗಾಗಿ ಉಳಿಸಿಕೊಂಡಿದ್ದೇನೆ. ಮಸಾಲೆ ಸವರಿದ ಬಂಗುಡೆ ಅದರ ಮೇಲೆ ಸೊಗಸಾಗಿ ಬೇಯುತ್ತದೆ ಎಂಬುದೂ ಈ ತೀರ್ಮಾನಕ್ಕೆ ಸಣ್ಣ ಕಾರಣವಲ್ಲ. ಮಳೆಗಾಲಕ್ಕೆ ಮುನ್ನ ಸಿಲಿಂಡರ್ ಬೇರ್ಪಡಿಸಿ, ಕಬ್ಬಿಣದ ಸರಳುಗಳಿಗೆ ಎಣ್ಣೆ ಸವರಿ, ಕೊಳವೆಯ ಗಾಳಿಬಾಯಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಕಟ್ಟಿ ಒಳಗಿಡುತ್ತೇನೆ.