ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವ ಮುನ್ನ

ಬಂಧುಗಳೊಬ್ಬರು ಆಸ್ಪತ್ರೆಗೆ ದಾಖಲಾದ ಸುದ್ದಿ ತಿಳಿದ ಕೂಡಲೇ ಹೋಗಿ ನೋಡಿಕೊಂಡು ಬರದಿದ್ದರೆ ಮುಂದಿನ ಮದುವೆಯಲ್ಲೋ ಗೃಹಪ್ರವೇಶದಲ್ಲೋ ಮಾತು ಕೇಳಬೇಕಾದೀತು ಎಂಬ ಅಳುಕು ನಮ್ಮಲ್ಲಿ ಬಹಳ ಜನರಿಗಿದೆ. ಈ ಅಳುಕಿನಿಂದಾಗಿಯೇ ಮೊದಲೆರಡು ದಿನ ಮಂಚದ ಸುತ್ತ ಜಾತ್ರೆ ನೆರೆಯುತ್ತದೆ. ಎರಡನೆಯ ವಾರ, ರೋಗಿಗೆ ಬೇಸರ ಹಿಡಿದು ಜೊತೆಗಿರುವವರ ತ್ರಾಣವೂ ಉಡುಗಿರುವ ಹೊತ್ತಿಗೆ, ಬಾಗಿಲತ್ತ ಯಾರೂ ಸುಳಿಯುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ದಿನ ಮನೆಯವರಲ್ಲದ ಒಬ್ಬಿಬ್ಬರು ಇದ್ದರೆ ಸಾಕು. ಅರಿವಳಿಕೆಯ ಮಂಪರಿನಲ್ಲಿರುವ ರೋಗಿಗೆ ಯಾರು ಬಂದುಹೋದರೆಂಬುದು ನೆನಪಿನಲ್ಲಿ ಉಳಿಯುವುದೂ ಕಷ್ಟ. ಆ ದಿನ ಹೋಗಲು ಹೊರಟವರು ನಾಲ್ಕೈದು ದಿನ ತಡೆದು ಹೋದರೆ ಅವರ ಭೇಟಿಗೆ ಹೆಚ್ಚು ಬೆಲೆ ಬರುತ್ತದೆ.

ಹೊರಡುವ ಮೊದಲು ಫೋನು ಮಾಡಬೇಕು, ಅದೂ ರೋಗಿಗಲ್ಲದೆ ಅವರ ಜೊತೆಗಿರುವ ಮಗನಿಗೋ ಸೊಸೆಗೋ ಹೆಂಡತಿಗೋ ಮಾಡಬೇಕು. “ಅತ್ತಿಗೆ, ನಾಳೆ ಸಂಜೆ ಬಂದರೆ ಅಣ್ಣನಿಗೆ ತೊಂದರೆಯಿಲ್ಲ ತಾನೆ? ಬರುವಾಗ ಏನು ತರಲಿ?” ಎಂದು ಕೇಳಿದರೆ ಬೇಡ ಎನ್ನುವ ಅವಕಾಶವೂ ಅವರಿಗೆ ಸಿಗುತ್ತದೆ, ಬೇಡ ಎಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬಹುತೇಕ ಆಸ್ಪತ್ರೆಗಳಲ್ಲಿ ಬೆಳಗಿನ ಹೊತ್ತು ವೈದ್ಯರ ರೌಂಡ್ಸ್, ಡ್ರೆಸ್ಸಿಂಗ್ ಮತ್ತು ಪರೀಕ್ಷೆಗಳಿಗೆ ಮೀಸಲು, ಮಧ್ಯಾಹ್ನದ ಊಟವಾದ ಮೇಲೆ ರೋಗಿ ಕಣ್ಣು ಮುಚ್ಚುವ ಸಮಯ. ಹೀಗಾಗಿ ಸಂದರ್ಶನದ ವೇಳೆ ಸಂಜೆಗೆ ಇರುವುದು ಸಾಮಾನ್ಯ. ಗೇಟಿನಲ್ಲಿ ಪಾಸ್ ಕೇಳುವ ಕಾವಲುಗಾರನೊಡನೆ “ಇಷ್ಟು ದೂರದಿಂದ ಬಂದಿದ್ದೇವೆ” ಎಂದು ವಾದಕ್ಕಿಳಿಯುವುದಕ್ಕಿಂತ, ಒಂದೇ ಪಾಸಿನಲ್ಲಿ ಸರದಿಯಂತೆ ಒಬ್ಬೊಬ್ಬರಾಗಿ ಹೋಗಿ ಬರುವುದು ಲೇಸು.

ನೆಗಡಿ, ಕೆಮ್ಮು, ಜ್ವರ ಅಥವಾ ಭೇದಿ ಇರುವವರು ಹೋಗಲೇಬಾರದು. ಮಾಸ್ಕ್ ಹಾಕಿಕೊಂಡು ಹೋಗುತ್ತೇನೆಂಬ ಸಮಾಧಾನ ಇಲ್ಲಿ ಸಲ್ಲದು, ಏಕೆಂದರೆ ನಮಗೆ ಮೂರು ದಿನದ ಕಿರಿಕಿರಿಯಾಗುವ ಸೋಂಕು ಶಸ್ತ್ರಚಿಕಿತ್ಸೆಯಾದವರಿಗೆ, ಎಳೆಗೂಸಿಗೆ ಅಥವಾ ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಿರುವವರಿಗೆ ಪ್ರಾಣಾಪಾಯವನ್ನೇ ತರಬಲ್ಲದು. ಚಿಕ್ಕ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗುವುದು ಮಕ್ಕಳಿಗೂ ಕ್ಷೇಮ. ವಾರ್ಡಿನ ಬಾಗಿಲಲ್ಲಿರುವ ಸ್ಯಾನಿಟೈಸರನ್ನು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬೆರಳ ಸಂದಿಗಳಿಗೆ ತಾಗುವಂತೆ 20ರಿಂದ 30 ಸೆಕೆಂಡು ಉಜ್ಜಿಕೊಳ್ಳಬೇಕು. ರೋಗಿಗೆ ಭೇದಿಯಿದ್ದರೆ ಸೋಪು ಮತ್ತು ನೀರೇ ಬೇಕು. ಭೇದಿ ತರುವ ಕೆಲವು ಸೂಕ್ಷ್ಮಾಣುಗಳ ಬೀಜಕಣಗಳು ಆಲ್ಕೋಹಾಲಿಗೆ ಬಗ್ಗುವುದಿಲ್ಲ. ಮಲ್ಲಿಗೆ ದಂಡೆ, ಹೂಗುಚ್ಛಗಳನ್ನು ಐಸಿಯುಗೂ ಕ್ಯಾನ್ಸರ್ ವಾರ್ಡಿಗೂ ಒಯ್ಯಬಾರದು.

ತಿನ್ನುವ ಪದಾರ್ಥದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ಒಳ್ಳೆಯ ರೂಢಿಯೇ ಆಸ್ಪತ್ರೆಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವಂಥದ್ದು. ಬ್ರೆಡ್ಡು, ಮೂಸಂಬಿ, ಬಾಳೆಹಣ್ಣು, ಹಾರ್ಲಿಕ್ಸ್ ಬಾಟಲಿ ಮತ್ತು ಎಳನೀರು ನಮ್ಮ ಕಡೆಯ ಆಸ್ಪತ್ರೆ ಭೇಟಿಯ ಪಂಚಭಕ್ಷ್ಯಗಳು. ಇವುಗಳಲ್ಲಿ ಎಳನೀರನ್ನು ಎಲ್ಲರೂ ನಿರಪಾಯಕಾರಿ ಎಂದೇ ನಂಬಿದ್ದಾರೆ. ಆದರೆ ಒಂದು ಲೋಟ ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರ ದೇಹ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮತ್ತು ಹೃದಯ ದುರ್ಬಲವಾದವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಅಳತೆಯೂ ಇರುವುದುಂಟು, ಪ್ರೀತಿಯಿಂದ ಕೊಟ್ಟ ಜ್ಯೂಸೂ ಆ ಅಳತೆಗೇ ಸೇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬ್ರೆಡ್ಡೂ ಹಾರ್ಲಿಕ್ಸೂ ಹಿತವಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಆರು ಗಂಟೆ ಘನ ಆಹಾರ ನಿಷಿದ್ಧ. “ಒಂದು ಇಡ್ಲಿ ತಿಂದರೆ ಏನಾಗುತ್ತದೆ” ಎಂದು ತಿನ್ನಿಸಿದರೆ, ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗಬಹುದು. ಅದಕ್ಕಾಗಿಯೇ ವೈದ್ಯರು ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿಬಿಡುತ್ತಾರೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಲಕ್ವ ಹೊಡೆದವರ ಮುಂದೆ: ಅವರ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ, ಬಾಯಾರಿದೆ ಎಂದು ಸನ್ನೆ ಮಾಡಿದರೂ ನರ್ಸನ್ನು ಕೇಳದೆ ಒಂದು ಚಮಚ ನೀರನ್ನೂ ಬಾಯಿಗೆ ಹಾಕಬಾರದು. ತೀರ್ಥ-ಪ್ರಸಾದಕ್ಕೂ ಇದೇ ಮಾತು ಅನ್ವಯಿಸುತ್ತದೆ. ತೀರ್ಥವನ್ನು ಬಾಯಿಗೆ ಬಿಡದೆ ಕಣ್ಣಿಗೊತ್ತಿಕೊಳ್ಳಲು ಕೊಟ್ಟರೆ ದೇವರೇನೂ ಮುನಿಯಲಾರ. ಆಮ್ಲಜನಕ ಕೊಡುತ್ತಿರುವ ಕಡೆ ಕರ್ಪೂರ, ಊದುಬತ್ತಿ, ದೀಪಗಳನ್ನು ಹಚ್ಚುವುದಂತೂ ಬೆಂಕಿ ಅನಾಹುತಕ್ಕೆ ಆಹ್ವಾನ.

ಒಳಗೆ ಹೋದ ಮೇಲೆ ಮಂಚದ ಮೇಲೆ ಕುಳಿತುಕೊಳ್ಳದೆ ಸ್ಟೂಲ್ ಎಳೆದುಕೊಂಡು, ರೋಗಿ ಕತ್ತು ತಿರುಗಿಸದೆ ಕಾಣುವ ಕಡೆ ಕೂರಬೇಕು. ಹಾಸಿಗೆ ಒಂದಿಷ್ಟು ಕುಗ್ಗಿದರೂ ಹೊಲಿಗೆ ಜಗ್ಗುತ್ತದೆ, ಕೊಳವೆಗಳು ಎಳೆದುಕೊಳ್ಳುತ್ತವೆ. ಮೂತ್ರದ ಚೀಲವನ್ನು ಸರಿಪಡಿಸಲು ಹೋಗಿ ಹಾಸಿಗೆಯ ಮೇಲಿಡಬಾರದು, ಅದು ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಡ್ರಿಪ್ಪಿನ ವೇಗ ಹೆಚ್ಚುಕಡಿಮೆ ಮಾಡುವ ಪುಟ್ಟ ಗಾಲಿಯನ್ನು ಮುಟ್ಟುವುದು, ಮಾತಾಡಿಸಲೆಂದು ಆಮ್ಲಜನಕದ ಮಾಸ್ಕ್ ಸರಿಸುವುದು, ಮಂಚದ ಬುಡದಲ್ಲಿ ನೇತುಹಾಕಿದ ಕೇಸ್ ಶೀಟ್ ತೆಗೆದು ಓದುವುದು ನಮ್ಮ ಕೆಲಸವಲ್ಲ. ಮಹಿಳಾ ವಾರ್ಡಿನಲ್ಲಿ ನರ್ಸು ಪರದೆ ಎಳೆದರೆ ಕರೆಯುವವರೆಗೆ ಹೊರಗೇ ಇರುವುದು ಪಕ್ಕದ ಹಾಸಿಗೆಯವರಿಗೂ ತೋರಬೇಕಾದ ಮರ್ಯಾದೆ. ರೋಗಿಯ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದನ್ನು, ಅವರು ಒಪ್ಪಿದರೂ, ನಾನು ಮಾಡಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ಅಂಥ ಸ್ಥಿತಿಯಲ್ಲಿ ಬೇಡ ಎನ್ನಲು ದಾಕ್ಷಿಣ್ಯ ಅಡ್ಡಬರುತ್ತದೆ.

ಮಾತಿನಲ್ಲಿ ಮೂರು ಸಂಗತಿಗಳನ್ನು ಬಿಟ್ಟರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ. ಇದೇ ಕಾಯಿಲೆಯಿಂದ ತೀರಿಕೊಂಡ ಇನ್ನೊಬ್ಬರ ಕಥೆ ಬೇಡ; “ಮೊದಲೇ ತೋರಿಸಿದ್ದರೆ ಹೀಗಾಗುತ್ತಿರಲಿಲ್ಲ” ಎಂಬ ಆಕ್ಷೇಪ ಬೇಡ; ಇಂಥ ಊರಿನಲ್ಲಿ ಇಂಥವರು ಕೊಡುವ ಸೊಪ್ಪಿನ ಔಷಧಿಯ ಶಿಫಾರಸಂತೂ ಬೇಡವೇ ಬೇಡ. ತೋಟದಲ್ಲಿ ಈ ಸಲ ಮಾವಿನ ಫಸಲು ಹೇಗಿದೆ, ಕರು ಹಾಕಿದ ಹಸು ಎಷ್ಟು ಹಾಲು ಕೊಡುತ್ತಿದೆ, ಮೊಮ್ಮಗಳ ಪರೀಕ್ಷೆ ಏನಾಯಿತು ಎಂಬಂಥ ಹೊರಗಿನ ಸುದ್ದಿಯನ್ನು ಅವರು ಆಸೆಯಿಂದ ಕೇಳುತ್ತಾರೆ. ಹದಿನೈದು ನಿಮಿಷ ಧಾರಾಳವಾಯಿತು. ರೋಗಿ ಉತ್ತರಿಸುವುದು ನಿಧಾನವಾದರೆ, ಕಣ್ಣು ಎಳೆಯುತ್ತಿದ್ದರೆ, ಅದಕ್ಕಿಂತ ಮೊದಲೇ ಏಳಬೇಕು.

ಐಸಿಯುವಿನಲ್ಲಿರುವ ವಯಸ್ಸಾದವರು ಕೆಲವೊಮ್ಮೆ ಹಗಲೋ ರಾತ್ರಿಯೋ ತಿಳಿಯದೆ ಗಲಿಬಿಲಿಗೊಳ್ಳುತ್ತಾರೆ, ಮಕ್ಕಳ ಗುರುತನ್ನೇ ಹಿಡಿಯುವುದಿಲ್ಲ, ಇಲ್ಲದವರನ್ನು ಕಂಡಂತೆ ಮಾತಾಡುತ್ತಾರೆ. ಇದು ಹುಚ್ಚಲ್ಲ, ಸೋಂಕು, ಔಷಧಿ, ನಿದ್ದೆಗೇಡು ಸೇರಿ ತರುವ ಸ್ಥಿತಿ, ಬಹುಮಟ್ಟಿಗೆ ಇಳಿದುಹೋಗುವಂಥದ್ದು. ಅವರೊಡನೆ ವಾದಿಸದೆ, ಅಳದೆ, “ಅಪ್ಪಾ, ನಾನು ನಿಮ್ಮ ಎರಡನೇ ಮಗಳು. ಇವತ್ತು ಗುರುವಾರ, ಸಂಜೆ ಐದು ಗಂಟೆ, ನೀವು ಆಸ್ಪತ್ರೆಯಲ್ಲಿದ್ದೀರಿ” ಎಂದು ನಿಧಾನವಾಗಿ ಹೇಳಬೇಕು. ಮನೆಯಲ್ಲಿ ಮರೆತುಬಂದ ಕನ್ನಡಕ ಮತ್ತು ಕಿವಿಯ ಯಂತ್ರವನ್ನು ತಂದುಕೊಟ್ಟರೆ ಅದು ಹಣ್ಣಿನ ಬುಟ್ಟಿಗಿಂತ ದೊಡ್ಡ ಉಪಕಾರ.

ಇನ್ನು, ಹೋದವರು ಗಮನ ಕೊಡಬೇಕಾದ ಎರಡನೆಯ ವ್ಯಕ್ತಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವವರು. ನನ್ನ ದೃಷ್ಟಿಯಲ್ಲಿ ಭೇಟಿಯ ಅರ್ಧಕ್ಕಿಂತ ಹೆಚ್ಚಿನ ಪ್ರಯೋಜನ ಅವರಿಗೆ ಸಲ್ಲಬೇಕು. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಿದ್ವಾಯಿಗೆ, ಜಯದೇವಕ್ಕೆ, ನಿಮ್ಹಾನ್ಸ್‌ಗೆ ಬಂದವರಿಗೆ ಊರು ಹೊಸದು, ಸ್ನಾನಕ್ಕೆ ಜಾಗವಿಲ್ಲ, ಬಟ್ಟೆ ಒಗೆದು ಹಾಕಲು ಹಗ್ಗವಿಲ್ಲ. ಅಂಥವರಿಗೆ ಎರಡು ರೊಟ್ಟಿ, ಪಲ್ಯ, ಮೊಸರನ್ನು ಕಟ್ಟಿಕೊಂಡು ಹೋಗಿ, “ಅಕ್ಕಾ, ನೀವು ನಮ್ಮ ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ, ಈ ರಾತ್ರಿ ನಾನಿರುತ್ತೇನೆ” ಎನ್ನುವವರು ಸಿಕ್ಕರೆ ಅವರು ವರ್ಷಗಟ್ಟಲೆ ನೆನೆಯುತ್ತಾರೆ. “ಏನಾದರೂ ಬೇಕಾದರೆ ಹೇಳಿ” ಎಂದು ಹೊರಟುಬಿಟ್ಟರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಫೋನಿನ ಚಾರ್ಜರ್, ಫ್ಲಾಸ್ಕ್, ಹೊದಿಕೆ, ಚಿಲ್ಲರೆ ಹಣ ಇವೆಯೇ ಎಂದು ಹೆಸರು ಹಿಡಿದು ಕೇಳಬೇಕು. ರಕ್ತ ಬೇಕಾದಲ್ಲಿ 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ ಆರೋಗ್ಯವಂತರು ಕೊಡಬಹುದು. ಹಿಂದಿನ ಸಲ ಕೊಟ್ಟು ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗಿರಬೇಕು.

ಕಾಗದಪತ್ರದ ಓಡಾಟ ತಿಳಿದವರು ಅದನ್ನೇ ಹೊತ್ತುಕೊಳ್ಳಬಹುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಪಡೆಯಲು, ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಆ ಚೀಟಿಗಾಗಿ ಸಾಲಿನಲ್ಲಿ ನಿಲ್ಲುವವರು ಬೇರೊಬ್ಬರಾದರೆ ಮನೆಯವರು ರೋಗಿಯ ಬಳಿ ಉಳಿಯಬಹುದು.

ಒಂದೇ ದಿನ ಬಿಡುವಿದ್ದರೆ ಅದನ್ನು ಡಿಸ್ಚಾರ್ಜ್ ದಿನಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ. ಬೆಳಗ್ಗೆ ವೈದ್ಯರು ಮನೆಗೆ ಹೋಗಬಹುದು ಎಂದರೂ ಬಿಲ್ಲು, ಔಷಧಿ ಹಿಂದಿರುಗಿಸುವಿಕೆ, ವಿಮೆಯ ಒಪ್ಪಿಗೆ ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗುವುದುಂಟು. ನಗದುರಹಿತ ವಿಮೆಯಲ್ಲಿ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ, ಕೌಂಟರಿನಲ್ಲಿ ಇದನ್ನು ಶಾಂತವಾಗಿ ನೆನಪಿಸಬಹುದು. ಅಂದು ಬೇಕಾದದ್ದು ಒಂದು ಕಾರು, ಬಿಲ್ಲಿನ ಸಾಲಿನಲ್ಲಿ ನಿಲ್ಲುವ ಒಬ್ಬರು, ಮತ್ತು ಹೊರಡುವ ಮುನ್ನ ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಫಿಲ್ಮುಗಳು, ಮಾತ್ರೆಗಳ ವೇಳಾಪಟ್ಟಿ, ಮುಂದಿನ ತಪಾಸಣೆಯ ದಿನಾಂಕ ಇವೆಲ್ಲ ಚೀಲ ಸೇರಿವೆಯೇ ಎಂದು ನೋಡುವ ಇನ್ನೊಂದು ಜೊತೆ ಕಣ್ಣು.