ದ್ರವ ಸಾರಜನಕದ ಜಾಡಿಯಿಂದ ವಿದ್ಯುತ್ ಜಾಲದವರೆಗೆ: ಅತಿವಾಹಕವನ್ನು ಅಳೆಯುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯ ಹೈನುಗಾರರಿಗೆ ದ್ರವ ಸಾರಜನಕ ಹೊಸದಲ್ಲ. ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ, ಅಂದರೆ 77 ಕೆಲ್ವಿನ್‌ನ ಈ ದ್ರವದಲ್ಲಿಯೇ ಕಾಪಾಡುತ್ತಾರೆ. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಅತಿವಾಹಕತೆಯನ್ನು, ಅಂದರೆ ವಿದ್ಯುತ್ತಿಗೆ ಒಡ್ಡುವ ರೋಧ ಪೂರ್ತಿ ಇಲ್ಲವಾಗುವ ಗುಣವನ್ನು, ಕಂಡಾಗ 4 ಕೆಲ್ವಿನ್ ಸುಮಾರಿನ ದ್ರವ ಹೀಲಿಯಂ ಬೇಕಾಗಿತ್ತು. 1987ರಲ್ಲಿ, 92 ಕೆಲ್ವಿನ್ ಆಸುಪಾಸಿನಲ್ಲೇ ರೋಧವನ್ನು ಕಳೆದುಕೊಳ್ಳುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ದೊರೆತ ಮೇಲೆ, ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನಲ್ಲೂ ಅದನ್ನು ಅಳೆದು ನೋಡುವುದು ಸಾಧ್ಯವಾಯಿತು.

ಮೊದಲು ಈ ಆಕ್ಸೈಡಿನ ಬಿಲ್ಲೆ. ಇದನ್ನು ತಯಾರಿಸುವ ಬದಲು ಕೊಳ್ಳುವುದೇ ಲೇಸು. ತಯಾರಿಕೆಗೆ ಬಳಸುವ ಬೇರಿಯಂ ಕಾರ್ಬೊನೇಟ್ ವಿಷಕಾರಿ, ಮೇಲಾಗಿ 900 ಡಿಗ್ರಿ ದಾಟಿದ ಕುಲುಮೆ ಮತ್ತು ಆಮ್ಲಜನಕದ ಹರಿವು ಎರಡೂ ಬೇಕು. ದ್ರವ ಸಾರಜನಕವನ್ನು ಕಾಲೇಜಿನ ಮೂಲಕ ಅನಿಲ ಮಾರಾಟಗಾರರಿಂದಲೇ ತರಿಸಬೇಕು. ಪಶು ಆಸ್ಪತ್ರೆಯ ಜಾಡಿಯಿಂದ ಕೇಳಿ ತರುವುದು ಸಲ್ಲದು, ದ್ರವದ ಮಟ್ಟ ಇಳಿದರೆ ಒಳಗಿನ ವೀರ್ಯವೆಲ್ಲ ಕೆಡುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದೂಡುವುದರಿಂದ ಕಿಟಕಿಗಳನ್ನು ತೆರೆದಿಡಬೇಕು, ಪಾತ್ರೆಯ ಬಾಯನ್ನು ಎಂದೂ ಬಿಗಿಯಾಗಿ ಮುಚ್ಚಬಾರದು, ಕನ್ನಡಕ ಮತ್ತು ಸಡಿಲವಾದ ಕೈಗವಸು ಧರಿಸಬೇಕು.

ಇನ್ನು ಅಳತೆ. ಬಿಲ್ಲೆಯ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ತಂತಿಗಳನ್ನು ಬೆಳ್ಳಿಯ ಲೇಪದಿಂದ ಅಂಟಿಸಿ, ಹೊರಗಿನ ಎರಡರಲ್ಲಿ 100 ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಮೈಕ್ರೋವೋಲ್ಟ್ ತೋರಿಸುವ ಮೀಟರಿನಲ್ಲಿ ಓದಬೇಕು. ಎರಡೇ ತಂತಿ ಬಳಸಿದರೆ ಬೆಸುಗೆಯ ರೋಧವೇ ಲೆಕ್ಕಕ್ಕೆ ಸೇರಿ ಸೊನ್ನೆ ಎಂದಿಗೂ ಕಾಣಿಸದು. ಉಷ್ಣತಾ ಸಂವೇದಕವು ಬಿಲ್ಲೆಗೆ ತಾಗಿಕೊಂಡೇ ಇರಲಿ. ಪೂರ್ತಿ ತಣಿದ ಬಿಲ್ಲೆಯನ್ನು ದ್ರವದಿಂದ ಎತ್ತಿ, ಮೇಲಿನ ತಂಪು ಆವಿಯಲ್ಲೇ ನಿಧಾನವಾಗಿ ಬೆಚ್ಚಗಾಗಲು ಬಿಟ್ಟು ಬರೆದುಕೊಂಡ ಅಂಕಿಗಳು, ತಣಿಸುವಾಗ ಬರೆದವಕ್ಕಿಂತ ನಂಬಲರ್ಹ. ಪ್ರತಿ ಉಷ್ಣತೆಯಲ್ಲೂ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ, ಎರಡು ಓದುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಂಡರೆ ತಂತಿಗಳ ಉಷ್ಣವಿದ್ಯುತ್ತಿನಿಂದಾಗುವ ದೋಷ ಹೋಗುತ್ತದೆ. 90 ಕೆಲ್ವಿನ್ ಸಮೀಪಿಸುವವರೆಗೆ ಸೊನ್ನೆಯಲ್ಲೇ ನಿಂತ ವೋಲ್ಟೇಜು ಕೆಲವೇ ಡಿಗ್ರಿಗಳ ಅಂತರದಲ್ಲಿ ಥಟ್ಟನೆ ಏರುತ್ತದೆ. ತೇವದಿಂದ ಈ ಆಕ್ಸೈಡ್ ಹಾಳಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಬಿಲ್ಲೆಯ ಮೇಲೆ ಕಟ್ಟಿದ ಹಿಮ ಕರಗಿದ ಕೂಡಲೇ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು.

ಈ ಸೊನ್ನೆ ರೋಧಕ್ಕೆ ಮೂರು ಮಿತಿಗಳಿವೆ: ಉಷ್ಣತೆ, ಕಾಂತಕ್ಷೇತ್ರ, ಹರಿಯುವ ವಿದ್ಯುತ್ತು. ಇವುಗಳಲ್ಲಿ ಯಾವುದೊಂದು ಎಲ್ಲೆ ಮೀರಿದರೂ ರೋಧ ಮರಳುತ್ತದೆ. ವಿದ್ಯುತ್ ಜಾಲದ ಮಟ್ಟಿಗೆ ಅತಿವಾಹಕದ ಅತ್ಯಂತ ಜಾಣ ಬಳಕೆ ಈ ದೌರ್ಬಲ್ಯದಿಂದಲೇ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಉಪಕೇಂದ್ರದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ವಿದ್ಯುತ್ತು ಹಲವು ಪಟ್ಟು ಉಕ್ಕಿದಾಗ, ಮಾರ್ಗದಲ್ಲಿ ಸೇರಿಸಿದ ಅತಿವಾಹಕ ಪಟ್ಟಿಯು ಯಾರ ಆಜ್ಞೆಗೂ ಕಾಯದೆ ಕೆಲವು ಮಿಲಿಸೆಕೆಂಡುಗಳಲ್ಲಿ ರೋಧಕವಾಗಿ ಬದಲಾಗಿ, ಬ್ರೇಕರ್ ತೆರೆದುಕೊಳ್ಳುವವರೆಗೆ ಪ್ರವಾಹವನ್ನು ಹಿಡಿದಿಡುತ್ತದೆ. ಇದನ್ನು ಕಾಲೇಜಿನ ಬಿಲ್ಲೆಯಲ್ಲಿ ಪರೀಕ್ಷಿಸಲು ಹೋಗಬಾರದು: ಬೆಸುಗೆಗಳು ಮೊದಲು ಸುಡುತ್ತವೆ.

ಅತಿವಾಹಕ ಕೇಬಲ್ಲಿನ ಲೆಕ್ಕವೇ ಬೇರೆ. 77 ಕೆಲ್ವಿನ್‌ನಲ್ಲಿ ಒಳನುಗ್ಗುವ ಒಂದು ವ್ಯಾಟ್ ಶಾಖವನ್ನು ಹೊರಹಾಕಲು ಆದರ್ಶ ಯಂತ್ರಕ್ಕೇ ಸುಮಾರು 3 ವ್ಯಾಟ್ ಬೇಕು, ನಿಜವಾದ ಶೀತಕ ಯಂತ್ರಕ್ಕೆ ಹತ್ತಕ್ಕೂ ಹೆಚ್ಚು. ಪರ್ಯಾಯ ವಿದ್ಯುತ್ತು (ಎಸಿ) ಹರಿಯುವಾಗ ಅತಿವಾಹಕದಲ್ಲೂ ಸ್ವಲ್ಪ ಶಾಖ ಹುಟ್ಟುತ್ತದೆ. ಆದ್ದರಿಂದ ಅಪಾರ ವಿದ್ಯುತ್ತು ಇಕ್ಕಟ್ಟಾದ ಜಾಗದಲ್ಲಿ, ಕಡಿಮೆ ದೂರ ಸಾಗಬೇಕಾದಲ್ಲಿ ಮಾತ್ರ ಈ ಖರ್ಚು ಒಗ್ಗುತ್ತದೆ. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ಚಾಲನೆಗೊಂಡ, ಸುಮಾರು ಒಂದು ಕಿಲೋಮೀಟರ್ ಉದ್ದದ ಕೇಬಲ್ಲನ್ನು ಕೇವಲ 10 ಕಿಲೋವೋಲ್ಟ್‌ನಲ್ಲಿ 40 ಮೆಗಾವ್ಯಾಟ್ ಸಾಗಿಸುವಂತೆ ರೂಪಿಸಲಾಗಿತ್ತು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ನಡುವೆ ಹಾದು, ಒಂಟಿ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಅಲ್ಪ ವಿದ್ಯುತ್ತನ್ನು ಬಹುದೂರ ಒಯ್ಯುವ 11 ಕಿಲೋವೋಲ್ಟ್ ಮಾರ್ಗದಲ್ಲಿ ಉಳಿಯುವ ವಿದ್ಯುತ್ತಿಗಿಂತ ತಣಿಸಲು ತಗಲುವ ವಿದ್ಯುತ್ತೇ ಹೆಚ್ಚಾಗುತ್ತದೆ. ಅಲ್ಲಿಗೆ ಅಲ್ಯೂಮಿನಿಯಂ ತಂತಿಯೇ ಸರಿ.